ಕೋಡಿಬಾಗದ ಹೊರಮೆಟ್ಟಿಲು: ಲ್ಯಾಂಡಿಂಗ್ ಮಡಿಕೆಯಲ್ಲಿ ಸರಳು ಹೋಗಬೇಕಾದ ದಾರಿ

ಕಾರವಾರದ ಕೋಡಿಬಾಗ ಕಡೆಯ ಒಂದು ಚಿರೆಕಲ್ಲಿನ ಮನೆ. ಕಾಳಿ ನದಿ ಸಮುದ್ರ ಸೇರುವ ಜಾಗ ಅಲ್ಲಿಂದ ದೂರವಿಲ್ಲ. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು. ಮೇಲಿನ ಭಾಗಕ್ಕೆ ಹೋಗಲು ಪಶ್ಚಿಮದ ಗೋಡೆಯ ಪಕ್ಕದಲ್ಲಿ ಆರ್‌ಸಿಸಿ ಮೆಟ್ಟಿಲಿದೆ. ಅದಕ್ಕೆ ಚಾವಣಿ ಇಲ್ಲ, ಮಳೆಯೂ ಉಪ್ಪುಗಾಳಿಯೂ ನೇರವಾಗಿ ಬಡಿಯುತ್ತವೆ. ಕಟ್ಟಿದ ಒಂಬತ್ತನೇ ವರ್ಷದಲ್ಲಿ, ಕೆಳಗಿನ ಫ್ಲೈಟ್ (ಮೆಟ್ಟಿಲುಗಳ ಒಂದು ಸಾಲು) ಹತ್ತಿ ಲ್ಯಾಂಡಿಂಗ್ (ಎರಡು ಸಾಲುಗಳ ನಡುವಿನ ಮಟ್ಟಸ ಜಾಗ) ಸೇರುವಲ್ಲಿ, ಸ್ಲ್ಯಾಬಿನ ಅಡಿಭಾಗದಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಗೆರೆ ಎಳೆದಂತೆ ಬಿರುಕು ಕಾಣಿಸಿತು. ಮೇಲೆ ಗಾರೆ ಹಚ್ಚಿ ಬಣ್ಣ ಬಳಿದರು. ಮುಂದೆ ಎರಡು ಮಳೆಗಾಲ ಕಳೆಯುವುದರೊಳಗೆ ಆ ಗೆರೆಯ ಎರಡೂ ಬದಿಯ ಕಾಂಕ್ರೀಟ್ ಹಾಳೆ ಹಾಳೆಯಾಗಿ ಕಳಚಿ ಬಿದ್ದು, ತುಕ್ಕು ಹಿಡಿದ ಸರಳು ಹೊರಬಂದಿತು.

ಕರಾವಳಿಯಲ್ಲಿ ಇಂಥದ್ದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ ಉಪ್ಪುಗಾಳಿ. ಅದು ಸುಳ್ಳಲ್ಲ. ಆದರೆ ಮೇಲಿನ ಫ್ಲೈಟಿಗೂ ಅದೇ ಗಾಳಿ ಬಡಿದಿದೆ. ಎರಡೂ ಫ್ಲೈಟುಗಳಿಗೆ ಒಂದೇ ದಿನ ಕಾಂಕ್ರೀಟ್ ಹಾಕಿದ್ದು. ಸರಳಿನ ದಪ್ಪ, ಅಂತರ, ಕವರ್ (ಸರಳನ್ನು ಮುಚ್ಚಿರುವ ಕಾಂಕ್ರೀಟಿನ ದಪ್ಪ) ಎಲ್ಲವೂ ಒಂದೇ. ಮೇಲಿನ ಫ್ಲೈಟಿನ ಅಡಿಯಲ್ಲಿ ಅಲ್ಲಲ್ಲಿ ಕಂದು ಕಲೆಗಳಿದ್ದವು, ಆದರೆ ಅದು ಲ್ಯಾಂಡಿಂಗಿಗೆ ಸೇರುವ ಮಡಿಕೆಯಲ್ಲಿ ಬಿರುಕಿರಲಿಲ್ಲ. ಒಂದೇ ಮೆಟ್ಟಿಲಿನ ಎರಡು ಮಡಿಕೆಗಳಲ್ಲಿ ಒಂದು ಮಾತ್ರ ಯಾಕೆ ಒಡೆಯಿತು ಎಂಬ ಪ್ರಶ್ನೆಗೆ ಉತ್ತರ ಸಿಗದ ಹೊರತು ಯಾವ ರಿಪೇರಿಗೂ ಅರ್ಥವಿರಲಿಲ್ಲ.

ಇದ್ದ ಮೆಟ್ಟಿಲು

ಮಹಡಿಯ ಎತ್ತರ 3.20 ಮೀಟರ್. ಫ್ಲೈಟಿಗೆ ಹತ್ತರಂತೆ ಒಟ್ಟು 20 ರೈಸರ್ (ಮೆಟ್ಟಿಲಿನ ಏರು), ಒಂದೊಂದು 160 ಮಿ.ಮೀ. ಫ್ಲೈಟಿಗೆ ಒಂಬತ್ತು ಟ್ರೆಡ್ (ಕಾಲಿಡುವ ಹಾಸು), ಒಂದೊಂದು 270 ಮಿ.ಮೀ. ಫ್ಲೈಟಿನ ಅಗಲ 1 ಮೀಟರ್, ಲ್ಯಾಂಡಿಂಗಿನ ಆಳ 1.10 ಮೀಟರ್. ಫ್ಲೈಟ್ ಶುರುವಾಗುವಲ್ಲಿ ಒಂದು ಬೀಮ್, ಲ್ಯಾಂಡಿಂಗಿನ ಆಚೆ ತುದಿಯಲ್ಲಿ ಇನ್ನೊಂದು, ಎರಡೂ 230 ಮಿ.ಮೀ. ಅಗಲ. ನಡುವೆ, ಅಂದರೆ ಫ್ಲೈಟ್ ಲ್ಯಾಂಡಿಂಗ್ ಸೇರುವಲ್ಲಿ, ಬೀಮ್ ಇಲ್ಲ. ಕಾಂಕ್ರೀಟ್ ಕೆಲಸಕ್ಕೆ ಭಾರತದ ಮಾನಕವಾದ ಐಎಸ್ 456ರ 33ನೇ ಕಲಮಿನ ಪ್ರಕಾರ ಲ್ಯಾಂಡಿಂಗ್ ಕೂಡ ಫ್ಲೈಟಿನ ದಿಕ್ಕಿನಲ್ಲೇ ಭಾರ ಸಾಗಿಸುವಾಗ ಎರಡನ್ನೂ ಒಂದೇ ಸ್ಲ್ಯಾಬ್ ಎಂದು ಹಿಡಿಯಬೇಕು. ಬೀಮಿನ ನಡುವಿನಿಂದ ಬೀಮಿನ ನಡುವಿಗೆ, ಅಡ್ಡಲಾಗಿ ಅಳೆದ ಸ್ಪ್ಯಾನ್ 3.76 ಮೀಟರ್.

ವೇಸ್ಟ್ ಸ್ಲ್ಯಾಬ್ (ಮೆಟ್ಟಿಲುಗಳ ಅಡಿಯ ಇಳಿಜಾರು ಸ್ಲ್ಯಾಬ್) 150 ಮಿ.ಮೀ., ಕಾಂಕ್ರೀಟ್ ಎಂ 20 ದರ್ಜೆ, ಮುಖ್ಯ ಸರಳು 10 ಮಿ.ಮೀ. 150ರ ಅಂತರದಲ್ಲಿ, ಎಫ್‌ಇ 500 ದರ್ಜೆಯದು. ನಕ್ಷೆಯಲ್ಲಿ ಕವರ್ 20 ಎಂದಿತ್ತು, ಒಡೆದು ನೋಡಿದಲ್ಲಿ 15 ಸಿಕ್ಕಿತು.

ಮೊದಲು ಕಬ್ಬಿಣ ಕಡಿಮೆಯಾಯಿತೇ ಎಂದು ಲೆಕ್ಕ ಹಾಕಬೇಕು. ಮೆಟ್ಟಿಲಿನ ಇಳಿಜಾರು 30.65 ಡಿಗ್ರಿ. ಹಾಗಾಗಿ ವೇಸ್ಟಿನ ತೂಕವನ್ನು ಅಡ್ಡ ಅಳತೆಗೆ ತರಲು 1.162ರಿಂದ ಗುಣಿಸಬೇಕು. ಪ್ರತಿ ಚದರ ಮೀಟರಿಗೆ ವೇಸ್ಟ್ 4.36, ಮೆಟ್ಟಿಲಿನ ತ್ರಿಕೋನಗಳು 2.0, ಗ್ರಾನೈಟ್ ಮತ್ತು ಗಾರೆ 1.2, ಕಟ್ಟಡದ ಭಾರಗಳ ಮಾನಕ ಐಎಸ್ 875ರ ಎರಡನೇ ಭಾಗದಂತೆ ವಾಸದ ಮನೆಯ ಮೆಟ್ಟಿಲಿಗೆ ಜನರ ಭಾರ 3.0. ಒಟ್ಟು 10.56 ಕಿಲೋನ್ಯೂಟನ್. ಲ್ಯಾಂಡಿಂಗಿನ ಮೇಲೆ 7.95. ಸುರಕ್ಷತೆಗಾಗಿ ಎರಡನ್ನೂ 1.5ರಿಂದ ಗುಣಿಸಿದರೆ ಗರಿಷ್ಠ ಬಾಗುವ ಮೊಮೆಂಟ್ (ಭಾರ ಸ್ಲ್ಯಾಬನ್ನು ಎಷ್ಟು ಬಗ್ಗಿಸಲು ನೋಡುತ್ತದೆ ಎಂಬ ಅಳತೆ) ಪ್ರತಿ ಮೀಟರ್ ಅಗಲಕ್ಕೆ 26.6 ಕಿಲೋನ್ಯೂಟನ್-ಮೀಟರ್, ಅದಕ್ಕೆ ಬೇಕಾದ ಕಬ್ಬಿಣ ಸುಮಾರು 523 ಚದರ ಮಿ.ಮೀ. ಇದ್ದದ್ದು 524. ಕಬ್ಬಿಣದ ಪ್ರಮಾಣ ಹೆಚ್ಚುಕಡಿಮೆ ಕೂದಲೆಳೆಯಷ್ಟು ಸರಿಯಾಗಿ ತಾಳೆಯಾಗುತ್ತದೆ. ಹೊರಗಿನ ಮೆಟ್ಟಿಲಿಗೆ ಕವರ್ ತೀರಾ ಕಡಿಮೆ, ಬಾಗು ತಡೆಯಲು ದಪ್ಪವೂ ಕಡಿಮೆ. ಆದರೂ ಶಕ್ತಿಯ ಲೆಕ್ಕದಲ್ಲಿ ಇದು ಬೀಳಬೇಕಾದ ಮೆಟ್ಟಿಲಲ್ಲ.

ಒಡೆದ ಜಾಗ ಹೇಳಿದ್ದು

ಕೆಳಗೆ ಜಾಕ್ ಕೊಟ್ಟು ಸಡಿಲ ಕಾಂಕ್ರೀಟ್ ತೆಗೆದಾಗ ಮೂರು ಸಂಗತಿ ಕಂಡವು. ಮಡಿಕೆಯಲ್ಲಿ ಸರಳಿನ ಬೆನ್ನಿಗೆ, ಅಂದರೆ ಮೇಲ್ಗಡೆ, ಸುಮಾರು 3 ಮಿ.ಮೀ. ಖಾಲಿ ಸಂದು. ಬಗ್ಗಿಸಿದ ಸರಳು ತನ್ನ ಬಾಗನ್ನು ಸ್ವಲ್ಪ ಕಳೆದುಕೊಂಡು ನೇರವಾಗಲು ಹೊರಟಿತ್ತು. ತುಕ್ಕು ಮಡಿಕೆಯಲ್ಲೇ ಅತಿ ಹೆಚ್ಚು: 10 ಮಿ.ಮೀ. ಸರಳು ಅಲ್ಲಿ 7.5ಕ್ಕೆ ಇಳಿದಿತ್ತು, ಅಂದರೆ ಉಳಿದದ್ದು ಶೇ. 56ರಷ್ಟು ಅಡ್ಡಕೊಯ್ತ. ಅಲ್ಲಿಂದ 300 ಮಿ.ಮೀ. ಆಚೆ ಮೇಲ್ಮೈ ತುಕ್ಕು ಮಾತ್ರ.

ತುಕ್ಕು ತಾನಾಗಿಯೇ ಕಾಂಕ್ರೀಟನ್ನು ಒಡೆದಿದ್ದರೆ ಉಬ್ಬಿದ ತುಕ್ಕು ಸರಳಿನ ಸುತ್ತಲೂ ಒತ್ತಿ ಕೂತಿರುತ್ತದೆ, ಬೆನ್ನಿಗೆ ಖಾಲಿ ಜಾಗ ಇರುವುದಿಲ್ಲ. ಸರಳು ಮೊದಲು ಕೆಳಕ್ಕೆ ಜಗ್ಗಿ ಕವರನ್ನು ಸೀಳಿದೆ, ಆ ಸೀಳಿನಿಂದ ಉಪ್ಪುನೀರು ಒಳಹೊಕ್ಕಿದೆ, ತುಕ್ಕು ಆಮೇಲಿನದು. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ಥಲೀನ್ (ಕ್ಷಾರವಿದ್ದರೆ ಗುಲಾಬಿಯಾಗುವ ದ್ರಾವಣ) ಸಿಂಪಡಿಸಿದಾಗ ಸರಳಿನ ಆಳದವರೆಗೂ ಗುಲಾಬಿ ಬಣ್ಣ ಬರಲಿಲ್ಲ. ಸರಳನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರ ಗುಣ ಅಷ್ಟು ಆಳದವರೆಗೆ ಕಳೆದುಹೋಗಿತ್ತು. ಮೇಲಿನ ಫ್ಲೈಟಿಗೂ ಹೆಚ್ಚು ಕಾಲ ಉಳಿದಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಸರಳು ಯಾಕೆ ಹೊರಗೆ ಜಗ್ಗುತ್ತದೆ

ಒಂದು ಹಗ್ಗವನ್ನು ಡೊಂಕಾಗಿ ಹಿಡಿದು ಎರಡೂ ತುದಿಗಳನ್ನು ಎಳೆದರೆ ಡೊಂಕಿನ ಜಾಗ ನೇರವಾಗಲು ಓಡುತ್ತದೆ. ಎಳೆತದಲ್ಲಿರುವ ಸರಳೂ ಹಾಗೆಯೇ. ಕೆಳಗಿನ ಫ್ಲೈಟಿನಲ್ಲಿ ಸ್ಲ್ಯಾಬ್ ಏರುತ್ತಾ ಬಂದು ಮಟ್ಟಸವಾಗುತ್ತದೆ, ಅಂದರೆ ಅಡಿಯಿಂದ ನೋಡಿದರೆ ಮಡಿಕೆ ಒಳಮುಖವಾಗಿದೆ. ಅಡಿಯ ಸರಳು ಅದೇ ಗೆರೆಯಲ್ಲಿ ಬಗ್ಗಿದ್ದರೆ ಒಂದು ಎಳೆತ ಇಳಿಜಾರಿನ ಕೆಳಗಡೆಗೆ, ಇನ್ನೊಂದು ಲ್ಯಾಂಡಿಂಗಿನ ಕಡೆಗೆ, ಎರಡೂ ಕೂಡಿ ಸರಳನ್ನು ನೆಲದ ಕಡೆಗೆ ತಳ್ಳುತ್ತವೆ. ಅದನ್ನು ತಡೆಯಲು ಇರುವುದು 15 ಮಿ.ಮೀ. ಕವರ್ ಮಾತ್ರ. ಮೇಲಿನ ಫ್ಲೈಟಿನಲ್ಲಿ ಸ್ಲ್ಯಾಬ್ ಮಟ್ಟಸವಾಗಿದ್ದು ಆಮೇಲೆ ಏರುತ್ತದೆ. ಅಲ್ಲಿ ಅದೇ ಬಲ ಸರಳನ್ನು ಮೇಲಕ್ಕೆ, ಕಾಂಕ್ರೀಟಿನ ಒಡಲೊಳಕ್ಕೆ ತಳ್ಳುತ್ತದೆ. ಅದಕ್ಕೇ ಆ ಮಡಿಕೆ ಉಳಿಯಿತು.

ಬಲ ಎಷ್ಟು? ದಿನನಿತ್ಯದ ಪೂರ್ಣ ಭಾರಕ್ಕೆ ಮಡಿಕೆಯಲ್ಲಿ ಕಬ್ಬಿಣದ ಎಳೆತ ಮೀಟರ್ ಅಗಲಕ್ಕೆ ಸುಮಾರು 105 ಕಿಲೋನ್ಯೂಟನ್. 30.65 ಡಿಗ್ರಿ ತಿರುವಿಗೆ ಅದರ ಶೇ. 53ರಷ್ಟು ಕೆಳಮುಖ ಬಲವಾಗುತ್ತದೆ: 55 ಕಿಲೋನ್ಯೂಟನ್, ಹೆಚ್ಚುಕಡಿಮೆ ಐದೂವರೆ ಟನ್. ಒಂದು ಸರಳಿನ ಪಾಲು 8 ಕಿಲೋನ್ಯೂಟನ್. ಜನ ಯಾರೂ ಹತ್ತದಿದ್ದರೂ ಮೆಟ್ಟಿಲಿನ ಸ್ವಂತ ಭಾರವೇ ಇದರಲ್ಲಿ ಶೇ. 68 ದಾಟುತ್ತದೆ, ಅದು ಹಗಲೂ ರಾತ್ರಿ ಇರುವ ಎಳೆತ. ಕಾಂಕ್ರೀಟ್ ಎಳೆತಕ್ಕೆ ತಡೆಯದು ಎಂದೇ ಸರಳು ಹಾಕುತ್ತೇವೆ. ಇಲ್ಲಿ ಆ ಸರಳನ್ನೇ ಹಿಡಿದಿಡುವ ಕೆಲಸವನ್ನು ತೆಳು ಕಾಂಕ್ರೀಟಿನ ಎಳೆತಕ್ಕೆ ಒಪ್ಪಿಸಿದಂತಾಯಿತು.

ಬಾರ್ ಬೆಂಡರ್ ಮಾಡಿದ್ದು ಸಹಜವಾದದ್ದನ್ನೇ. ಸೆಂಟ್ರಿಂಗ್ (ಕಾಂಕ್ರೀಟ್ ಹಾಕುವ ಅಚ್ಚು) ಹೇಗೆ ಬಗ್ಗಿದೆಯೋ ಹಾಗೆ ಸರಳು ಬಗ್ಗಿಸಿದ. ನಕ್ಷೆಯಲ್ಲಿ ‘10 ಮಿ.ಮೀ. 150 ಅಂತರ’ ಎಂದಷ್ಟೇ ಇತ್ತು, ಮಡಿಕೆಯ ಸೀಳುನೋಟ (ಕತ್ತರಿಸಿ ಪಕ್ಕದಿಂದ ನೋಡಿದಂತೆ ಬರೆದ ಚಿತ್ರ) ಇರಲಿಲ್ಲ. ತಪ್ಪು ಕಾಗದದ್ದು. ಮೆಟ್ಟಿಲಿನ ನಕ್ಷೆಯಲ್ಲಿ ಎರಡೂ ಮಡಿಕೆಗಳ ಸೀಳುನೋಟ ಬೇರೆಬೇರೆಯಾಗಿ, ಕನಿಷ್ಠ 1:10 ಅಳತೆಯಲ್ಲಿ ಇರಲೇಬೇಕು. ಅದಿಲ್ಲದ ನಕ್ಷೆಯನ್ನು ಸೈಟಿಗೆ ಕಳಿಸಬಾರದು.

ಮಡಿಕೆ ಇರುವುದು ಎಲ್ಲಿ

ಇಲ್ಲಿ ಅನುಭವಸ್ಥರೂ ಎಡವುವ ಒಂದು ವಿಚಾರವಿದೆ. ಮಡಿಕೆ ಕೊನೆಯ ರೈಸರಿನ ನೇರ ಕೆಳಗಿದೆ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ವೇಸ್ಟಿನ ಮೇಲ್ಗೆರೆ ಹೋಗುವುದು ರೈಸರುಗಳ ಬುಡದ ಮೂಲೆಗಳ ಮೂಲಕ. ಕೊನೆಯ ರೈಸರಿನ ಬುಡ ಲ್ಯಾಂಡಿಂಗಿಗಿಂತ 160 ಮಿ.ಮೀ. ಕೆಳಗೆ. ಅಲ್ಲಿಂದ ವೇಸ್ಟಿನ ದಪ್ಪ ನೇರ ಕೆಳಕ್ಕೆ ಅಳೆದರೆ 150 ಅಲ್ಲ, 174. ಆಗ ಆ ಜಾಗದಲ್ಲಿ ಅಡಿಗೆರೆ ಲ್ಯಾಂಡಿಂಗಿನ ಮೇಲ್ಮೈಯಿಂದ 334 ಮಿ.ಮೀ. ಕೆಳಗಿರುತ್ತದೆ. ಲ್ಯಾಂಡಿಂಗಿನ ಅಡಿ ಇರುವುದು 150ರಲ್ಲಿ. ಉಳಿದ 184 ಏರಲು ಅಡಿಗೆರೆ ಇನ್ನೂ 311 ಮಿ.ಮೀ. ಮುಂದೆ, ಲ್ಯಾಂಡಿಂಗಿನ ಒಳಗೆ ಹೋಗಬೇಕು. ನಿಜವಾದ ಮಡಿಕೆ ಅಲ್ಲಿದೆ, ಬಿರುಕು ಕಂಡದ್ದೂ ಅಲ್ಲೇ. ಆ ಜಾಗದ ಮೊಮೆಂಟ್ ಗರಿಷ್ಠದ ಶೇ. 69. ಬೀಮ್ ಹತ್ತಿರವಿದೆ, ಮೊಮೆಂಟ್ ಕಡಿಮೆಯಿದ್ದೀತು ಎಂಬ ಧೈರ್ಯ ಇಲ್ಲಿ ಸಲ್ಲದು.

ಮೇಲಿನ ಫ್ಲೈಟಿನಲ್ಲಿ ಲೆಕ್ಕ ಬೇರೆ. ಮೊದಲ ರೈಸರಿನ ಬುಡ ಲ್ಯಾಂಡಿಂಗ್ ಮಟ್ಟದಲ್ಲೇ ಇರುವುದರಿಂದ ಮಡಿಕೆ ರೈಸರಿಗೆ ತೀರಾ ಹತ್ತಿರ, ಫ್ಲೈಟಿನ ಕಡೆಗೆ ಬರುತ್ತದೆ. ಎರಡು ಫ್ಲೈಟುಗಳ ಅಡಿಯ ಮಡಿಕೆಗಳು ಒಂದೇ ಗೆರೆಯಲ್ಲಿ ಬರುವುದಿಲ್ಲ. ಅಂದಕ್ಕಾಗಿ ಸೆಂಟ್ರಿಂಗಿನವರು ಅವನ್ನು ಒಂದೇ ಗೆರೆಗೆ ತಂದರೆ ಯಾವುದೋ ಒಂದರಲ್ಲಿ ವೇಸ್ಟಿನ ದಪ್ಪ ಕಡಿತವಾಗುತ್ತದೆ. ಗೆರೆ ಕೂಡಲೇಬೇಕು ಎಂದಿದ್ದರೆ ಎರಡು ಫ್ಲೈಟುಗಳ ರೈಸರನ್ನು ಒಂದು ಟ್ರೆಡ್‌ಗಿಂತ ಸ್ವಲ್ಪ ಹೆಚ್ಚು ಹಿಂದುಮುಂದು ಮಾಡಿ ಮೊದಲೇ ಯೋಜಿಸಬೇಕು.

ಹೊಸ ವಿನ್ಯಾಸ

ರಿಪೇರಿ ಯೋಚಿಸಿ ಕೈಬಿಡಲಾಯಿತು. ಮಡಿಕೆಯಲ್ಲಿ ಅರ್ಧದಷ್ಟು ಕಬ್ಬಿಣ ಹೋಗಿತ್ತು, ಉಳಿದ ಸರಳೂ ತಪ್ಪು ದಾರಿಯಲ್ಲೇ ಇತ್ತು, ಕವರ್ 15 ಮಾತ್ರ. ಎರಡೂ ಫ್ಲೈಟ್ ಮತ್ತು ಲ್ಯಾಂಡಿಂಗ್ ಒಡೆದು, ಬೀಮುಗಳನ್ನು ಉಳಿಸಿಕೊಳ್ಳುವುದು ಎಂದಾಯಿತು.

ಐಎಸ್ 456: 2000ರ ಪ್ರಕಾರ ಕರಾವಳಿ ವಾತಾವರಣಕ್ಕೆ ತೆರೆದ ಕಾಂಕ್ರೀಟ್ ‘ತೀವ್ರ’ ವರ್ಗಕ್ಕೆ ಸೇರುತ್ತದೆ: ಕನಿಷ್ಠ ಎಂ 30, ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು, ಸಿಮೆಂಟ್ ಘನ ಮೀಟರಿಗೆ ಕನಿಷ್ಠ 320 ಕಿಲೋ, ಕವರ್ 45 ಮಿ.ಮೀ. ಅಲೆಯ ತುಂತುರೇ ತಾಗುವ ಮನೆಯಾದರೆ ‘ಅತಿ ತೀವ್ರ’, ಆಗ ಎಂ 35 ಮತ್ತು 50 ಮಿ.ಮೀ. ಒಳನಾಡಿನಲ್ಲಿ, ಮಳೆ ತಾಗದ ಒಳಮೆಟ್ಟಿಲಿಗೆ ನಡೆಯುವ 20 ಮಿ.ಮೀ. ಕವರನ್ನು ಕಾರವಾರದ ಹೊರಮೆಟ್ಟಿಲಿಗೆ ನಕಲು ಮಾಡಿದ್ದು ಹಳೆಯ ನಕ್ಷೆಯ ಎರಡನೇ ದೊಡ್ಡ ತಪ್ಪು.

ಕವರ್ ಹೆಚ್ಚಿದರೆ ದಪ್ಪವೂ ಹೆಚ್ಚಬೇಕು. 180 ಮಿ.ಮೀ. ದಪ್ಪಕ್ಕೆ 12 ಮಿ.ಮೀ. ಸರಳಿನ ನಡುವಿನವರೆಗಿನ ಆಳ 129 ಮಾತ್ರ ಉಳಿಯುತ್ತದೆ. ಸ್ಪ್ಯಾನ್-ಆಳದ ಅನುಪಾತ 29 ಮುಟ್ಟಿ, ಬಾಗುವಿಕೆಯ ಮಿತಿಗೆ ಕಬ್ಬಿಣ ಬಹಳ ಸುರಿಯಬೇಕಾಗುತ್ತದೆ. 190 ಮಾಡಿದಾಗ ಆಳ 139, ಅನುಪಾತ 27. ಫ್ಲೈಟಿನ ಒಟ್ಟು ಭಾರ 11.72, ಗರಿಷ್ಠ ಮೊಮೆಂಟ್ 29.5, ಬೇಕಾದ ಕಬ್ಬಿಣ 521 ಚದರ ಮಿ.ಮೀ. ಕೊಟ್ಟದ್ದು 12 ಮಿ.ಮೀ. 150ರ ಅಂತರದಲ್ಲಿ, 754 ಚದರ ಮಿ.ಮೀ. ಶಕ್ತಿಗೆ ಇಷ್ಟು ಬೇಡ. ಆದರೆ ಕಬ್ಬಿಣದಲ್ಲಿ ಎಳೆತದ ಒತ್ತು ಇಳಿದಾಗಲೇ ಅನುಪಾತದ ಮಿತಿ 28.4ಕ್ಕೆ ಏರುತ್ತದೆ, ಆಗ 27 ಪಾಸಾಗುತ್ತದೆ. ಮೆಟ್ಟಿಲಿನ ದಪ್ಪವನ್ನು ನಿರ್ಧರಿಸುವುದು ಬಹಳ ಸಲ ಬಾಗುವಿಕೆಯೇ. ಅಡ್ಡ ಸರಳು 8 ಮಿ.ಮೀ. 200ರ ಅಂತರ: ಬೇಕಾದದ್ದು ಸ್ಲ್ಯಾಬಿನ ಅಡ್ಡಕೊಯ್ತದ ಶೇ. 0.12, ಅಂದರೆ 228, ಸಿಗುವುದು 251. ಲ್ಯಾಂಡಿಂಗ್ ಬೀಮಿಗೆ ಭಾರ ಶೇ. 12ರಷ್ಟು ಹೆಚ್ಚುವುದರಿಂದ ಅದನ್ನೂ ಮತ್ತೆ ಲೆಕ್ಕ ಹಾಕಿ, ತಡೆಯುತ್ತದೆ ಎಂದಾದ ಮೇಲೆಯೇ ಮುಂದುವರಿದದ್ದು.

190 ದಪ್ಪಕ್ಕೆ ಕೆಳಗಿನ ಫ್ಲೈಟಿನ ಮಡಿಕೆ ಕೊನೆಯ ರೈಸರಿನಿಂದ 322 ಮಿ.ಮೀ. ಲ್ಯಾಂಡಿಂಗಿನ ಒಳಗೆ ಬಂತು. ಅಲ್ಲಿ ಒಂದೇ ಸರಳನ್ನು ಬಗ್ಗಿಸುವ ಬದಲು ಎರಡು ಸರಳು ಕತ್ತರಿಯಂತೆ ಒಂದನ್ನೊಂದು ದಾಟಿ ಹೋಗಬೇಕು.

ಫ್ಲೈಟಿನ ಸರಳು: ಕೆಳಬೀಮಿನಲ್ಲಿ 200 ಮಿ.ಮೀ. ಮೇಲಕ್ಕೆ ಬಗ್ಗಿಸಿದ ಕೊಂಡಿ, ಬೀಮಿನೊಳಗೆ 185, ಇಳಿಜಾರಿನಲ್ಲಿ 3.20 ಮೀಟರ್. ಮಡಿಕೆ ಬಂದಾಗ ಬಗ್ಗದೆ ಅದೇ ಇಳಿಜಾರಿನಲ್ಲಿ ನೇರ ಮುಂದುವರಿದು, ಸುಮಾರು 175 ಮಿ.ಮೀ. ಹೋದ ಮೇಲೆ ಲ್ಯಾಂಡಿಂಗಿನ ಮೇಲ್ಪದರ ಮುಟ್ಟಿ, ಅಲ್ಲಿ ಮಟ್ಟಸವಾಗಿ 400. ಒಟ್ಟು 4.16 ಮೀಟರ್.

ಲ್ಯಾಂಡಿಂಗಿನ ಸರಳು: ಲ್ಯಾಂಡಿಂಗ್ ಬೀಮಿನಲ್ಲಿ ಅದೇ ಕೊಂಡಿ, ಅಡಿಪದರದಲ್ಲಿ ಮಟ್ಟಸವಾಗಿ 780 ಮಿ.ಮೀ. ಮಡಿಕೆ ದಾಟಿಯೂ ಮಟ್ಟಸವಾಗಿಯೇ ಹೋಗಿ, 175ರ ನಂತರ ವೇಸ್ಟಿನ ಮೇಲ್ಪದರ ಮುಟ್ಟಿ, ಅಲ್ಲಿಂದ ಇಳಿಜಾರಿಗೆ ಸಮನಾಗಿ ಕೆಳಕ್ಕೆ 400. ಒಟ್ಟು 1.74 ಮೀಟರ್.

ಸರಳುಗಳು ದಾಟುವ ಬಿಂದುವಿನಿಂದ ಆಚೆ ಎರಡಕ್ಕೂ 575 ಮಿ.ಮೀ. ಸಿಗುತ್ತದೆ. ಎಂ 30, ಎಫ್‌ಇ 500ಕ್ಕೆ ಹಿಡಿತದ ಉದ್ದ (ಸರಳು ಜಾರದಿರಲು ಕಾಂಕ್ರೀಟಿನೊಳಗೆ ಹೋಗಬೇಕಾದ ಉದ್ದ) ವ್ಯಾಸದ 45.3 ಪಟ್ಟು, 12 ಮಿ.ಮೀ.ಗೆ 544. ಎಂ 20 ಆಗಿದ್ದರೆ 57 ಪಟ್ಟು, 680 ಬೇಕಿತ್ತು. ಹಳೆಯ ಎಂ 20ರ ಕೋಷ್ಟಕದಿಂದ ಎಫ್‌ಇ 415ರ 47 ಪಟ್ಟನ್ನು ಎಫ್‌ಇ 500ಕ್ಕೂ ಬಳಸುವ ರೂಢಿ ಸೈಟುಗಳಲ್ಲಿ ಇನ್ನೂ ಇದೆ, ಅದು ಸಾಲುವುದಿಲ್ಲ.

ಒಂದು ಮೀಟರ್ ಅಗಲಕ್ಕೆ ಎರಡೂ ಬಗೆಯವು ಎಂಟೆಂಟು. ಲೆಕ್ಕದ ಪ್ರಕಾರ ಲ್ಯಾಂಡಿಂಗಿನ ಸರಳಿಗೆ 10 ಮಿ.ಮೀ. ಸಾಕಿತ್ತು. ಎರಡು ದಪ್ಪ ಅದಲುಬದಲಾಗುವ ಭಯಕ್ಕೆ 12 ಅನ್ನೇ ಇಡಲಾಯಿತು. ಒಂದೇ ಸರಳು ಬಗ್ಗಿಸಿದ್ದಕ್ಕಿಂತ ಫ್ಲೈಟಿಗೆ ಹೆಚ್ಚಾದದ್ದು 8 ಕಿಲೋ ಕಬ್ಬಿಣ ಮಾತ್ರ. ಕಿಲೋಗೆ 70 ರೂಪಾಯಿ ಹಿಡಿದರೂ 600 ರೂಪಾಯಿಯೊಳಗೆ.

ಮೇಲಿನ ಫ್ಲೈಟಿನಲ್ಲಿ ಅಡಿಯ ಸರಳು ಮಡಿಕೆಯ ಜೊತೆ ಬಗ್ಗಿ ಹೋಗಬಹುದು. ಅಲ್ಲಿ ಜೋಕೆ ಬೇಕಾದದ್ದು ಮೇಲ್ಪದರದಲ್ಲಿ, ಯಾಕೆಂದರೆ ಒಳಮುಖ ಮೂಲೆ ಇರುವುದು ಮೇಲೆ. ಬೀಮಿನ ಮೇಲೆ ಹಾಕಿದ 10 ಮಿ.ಮೀ. 200 ಅಂತರದ ಸರಳು ಬೀಮಿನ ಮುಖದಿಂದ 950 ಮಿ.ಮೀ.ಗೆ, ಮಡಿಕೆಗೆ ಮೊದಲೇ ನಿಲ್ಲುತ್ತದೆ. ಅದನ್ನು ಫ್ಲೈಟಿನವರೆಗೆ ಎಳೆಯುವ ಅಗತ್ಯ ಬೇರೆ ಮೆಟ್ಟಿಲಿನಲ್ಲಿ ಬಂದರೆ ಅಲ್ಲಿ ಮೇಲಿನ ಸರಳನ್ನು ಕತ್ತರಿಯಾಗಿ ಹಾಕಬೇಕು.

ಕಟ್ಟುವಾಗ ಕೈತಪ್ಪಿದ್ದು

ಸರಳು ಕತ್ತರಿಸುವ ಮೊದಲು ಪಕ್ಕದ ಗೋಡೆಯ ಮೇಲೆ ಮೆಟ್ಟಿಲಿನ ಸೀಳುನೋಟವನ್ನು ನಿಜ ಅಳತೆಯಲ್ಲಿ, ಸುಣ್ಣದ ದಾರ ಹೊಡೆದು ಬರೆಯಲಾಯಿತು. ರೈಸರ್, ವೇಸ್ಟಿನ ಎರಡು ಗೆರೆ, ಲ್ಯಾಂಡಿಂಗ್, ಮಡಿಕೆ, ಎಲ್ಲವೂ. ಮೊದಲ ಸರಳನ್ನು ಬಗ್ಗಿಸಿ ಆ ಗೆರೆಗೆ ಹಿಡಿದು ನೋಡಿ, ಸರಿಯಾದ ಮೇಲೆ ಉಳಿದದ್ದನ್ನು ಕತ್ತರಿಸಿದ್ದು. ಬೆಳಗಿನ ಒಂದು ಗಂಟೆಯ ಈ ಕೆಲಸ ಉಳಿದೆಲ್ಲ ವಾದಗಳನ್ನು ಮುಗಿಸಿಬಿಡುತ್ತದೆ.

ಆದರೂ ಮೊದಲ ದಿನದ ಕಟ್ಟುವಿಕೆಯಲ್ಲಿ ಎರಡು ತಪ್ಪು ಸಿಕ್ಕಿದವು. ಕೆಲವು ಫ್ಲೈಟ್ ಸರಳುಗಳ ತುದಿ ಲ್ಯಾಂಡಿಂಗಿನ ಅಡಿಪದರಕ್ಕೇ ಬಗ್ಗಿಸಿ ಕಟ್ಟಿದ್ದರು. ನೋಡಲು ನೀಟಾಗಿತ್ತು, ಆದರೆ ಅದು ಹಳೆಯ ತಪ್ಪೇ. ಇನ್ನೊಂದು, ಕತ್ತರಿಯಲ್ಲಿ ಎರಡು ಸರಳು ಒಂದರ ಮೇಲೊಂದು ಕೂತು ಮೇಲಿನದು 12 ಮಿ.ಮೀ. ಎತ್ತರಕ್ಕೆ ಹೋಗಿತ್ತು. ಅವನ್ನು ಪಕ್ಕಪಕ್ಕದಲ್ಲಿ, ಒಂದು ಸರಳಿನಷ್ಟು ಸರಿಸಿ ಇಡಬೇಕು. ಕತ್ತರಿಯ ಮೂಲೆಯೊಳಗೆ ಒಂದು ಅಡ್ಡ ಸರಳು ಕಡ್ಡಾಯ.

ಕವರ್ ಬ್ಲಾಕ್ 45 ಮಿ.ಮೀ., ಅದೇ ದರ್ಜೆಯ ಕಾಂಕ್ರೀಟಿನವು. ಜಲ್ಲಿಕಲ್ಲೋ ಗ್ರಾನೈಟ್ ಚೂರೋ ಇಟ್ಟರೆ ಇಳಿಜಾರಿನಲ್ಲಿ ಜಾರುತ್ತವೆ, ಅವುಗಳ ಪಕ್ಕದಿಂದಲೇ ನೀರು ಒಳಗೆ ದಾರಿ ಹುಡುಕುತ್ತದೆ. ಬೈಂಡಿಂಗ್ ವೈರಿನ ತುದಿಗಳನ್ನು ಒಳಕ್ಕೆ ಮಡಚಬೇಕು; ಕವರಿನೊಳಗೆ ಚಾಚಿದ ತಂತಿ ಮೊದಲು ತುಕ್ಕು ಹಿಡಿದು ಕಲೆ ಹಾಯಿಸುತ್ತದೆ. ಲ್ಯಾಂಡಿಂಗಿನ ಮೇಲ್ಪದರಕ್ಕೆ ಬಂದ ತುದಿಗಳ ಕೆಳಗೆ 600 ಮಿ.ಮೀ.ಗೊಂದರಂತೆ ಚೇರ್ (ಮೇಲಿನ ಸರಳನ್ನು ಎತ್ತಿ ಹಿಡಿಯುವ ಸಣ್ಣ ಆಧಾರ) ಇಡಲಾಯಿತು. ಕಾಂಕ್ರೀಟ್ ಹೊರುವವರು ಹತ್ತಿ ಇಳಿಯುವ ದಾರಿಯೇ ಅದು, ಚೇರ್ ಇಲ್ಲದಿದ್ದರೆ ಮೇಲಿನ ಸರಳು ಸಂಜೆಯೊಳಗೆ ಕೆಳಗೆ ಸೇರಿರುತ್ತದೆ.

ಮರಳಿನ ವಿಷಯದಲ್ಲಿ ರಾಜಿ ಬೇಡ. ಉಬ್ಬರದ ನೀರು ಏರಿ ಬರುವ ಭಾಗದ ನದಿಮರಳಿನಲ್ಲಿ ಉಪ್ಪಿರುತ್ತದೆ. ಕಾಂಕ್ರೀಟಿನಲ್ಲಿ ಒಟ್ಟು ಕ್ಲೋರೈಡ್ ಘನ ಮೀಟರಿಗೆ 0.6 ಕಿಲೋ ದಾಟಬಾರದು. ಬೇಸಿಗೆಯಲ್ಲಿ ಸವುಳಾಗುವ ಬಾವಿಯ ನೀರೂ ಬೇಡ. ಆರ್‌ಸಿಸಿಗೆ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮಿತಿ. ಇಲ್ಲಿ ಬಳಸಿದ್ದು ಎಂ-ಸ್ಯಾಂಡ್, ನಗರದ ನಲ್ಲಿ ನೀರು ಮತ್ತು ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತದ್ದು), ಘನ ಮೀಟರಿಗೆ 340 ಕಿಲೋ. ಸುಮಾರು 2 ಘನ ಮೀಟರ್ ಕಾಂಕ್ರೀಟಿಗೆ 14 ಚೀಲ. ಚೀಲಕ್ಕೆ ನೀರು ಒಟ್ಟು 22.5 ಲೀಟರ್, ಒದ್ದೆ ಮರಳಿನಲ್ಲೇ ಐದು ಲೀಟರ್ ಇದ್ದರೆ ಬಕೆಟ್ಟಿನಿಂದ ಹಾಕುವುದು 17.5. ಇಷ್ಟು ಕಡಿಮೆ ನೀರಿಗೆ ಸರಳುಗಳ ಕತ್ತರಿಯೊಳಗೆ ಕಾಂಕ್ರೀಟ್ ಇಳಿಯಲು ಪ್ಲಾಸ್ಟಿಸೈಸರ್ ಬೇಕೇಬೇಕು. ನೀರು ಸೇರಿಸಿ ಸಡಿಲ ಮಾಡಿದರೆ ಎಂ 30 ಎಂದು ಬರೆದದ್ದಕ್ಕೆ ಬೆಲೆಯಿಲ್ಲ.

ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ, ನಿಲ್ಲಿಸದೆ ಕಾಂಕ್ರೀಟ್ ಹಾಕಿ, ಮಡಿಕೆಯಲ್ಲಿ 25 ಮಿ.ಮೀ. ಸೂಜಿಯ ವೈಬ್ರೇಟರ್ ಬಳಸಲಾಯಿತು. ಮಡಿಕೆಯಲ್ಲಿ ಜೋಡುಗೆರೆ ಬರಕೂಡದು. ಲ್ಯಾಂಡಿಂಗಿಗೆ ಹೊರಕ್ಕೆ 1:100 ಇಳಿಜಾರು. ಸ್ಲ್ಯಾಗ್ ಸಿಮೆಂಟ್ ಆದ್ದರಿಂದ ಗೋಣಿ ಹೊದಿಸಿ 14 ದಿನ ನೀರುಣಿಸಿದ್ದು. 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಏಳು ದಿನಕ್ಕೆ ಆಧಾರ ತೆಗೆಯಲು ಐಎಸ್ 456 ಬಿಡುತ್ತದೆ, ಇಲ್ಲಿ ಅದನ್ನೂ 14 ದಿನ ಉಳಿಸಿಕೊಳ್ಳಲಾಯಿತು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಕವರ್ ಮೀಟರ್ ಹಿಡಿದಾಗ ಅಡಿಯಲ್ಲಿ 43ರಿಂದ 48 ಮಿ.ಮೀ. ತೋರಿಸಿತು. ಮಡಿಕೆಯ ಗೆರೆಯಲ್ಲಿ ಮಾತ್ರ, ಸರಳು ಎರಡು ದಿಕ್ಕಿಗೆ ಬೇರೆಯಾಗುವಲ್ಲಿ, ಅಳತೆ ಥಟ್ಟನೆ ಏರಿತು.